ಠಾಕುರ್ಲಿಯ ಮಣ್ಣಿನ ಅಟ್ಟ

ಮಂಡಪ ಕಟ್ಟುವ ಧಂದೆಗೆ ಹೊಸದಾಗಿ ಇಳಿಯುವವರು ಈಗಲೂ ನನ್ನ ಬಳಿ ಬಂದು ಕೂರುತ್ತಾರೆ. ಬಿದಿರು ಎಲ್ಲಿ ಒಳ್ಳೆಯದು ಸಿಗುತ್ತದೆ, ಯಾವ ತಾಡಪತ್ರಿ ಮಳೆಗೆ ತಡೆಯುತ್ತದೆ, ಮೈದಾನದ ಪರವಾನಗಿಗೆ ಯಾರನ್ನು ಕಾಣಬೇಕು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಹೇಳಿ ಮುಗಿಸಿ ನಾನೂ ಒಂದು ಮಾತು ಕೇಳುತ್ತೇನೆ: ನೀವು ಕಟ್ಟುವ ವೇದಿಕೆಯ ಮೇಲೆ ಯಾರು ಹತ್ತುತ್ತಾರೆ, ಹತ್ತಿ ಏನು ಮಾಡುತ್ತಾರೆ ಎಂದು ವಿಚಾರಿಸಿದ್ದೀರಾ? ಹೆಚ್ಚಿನವರು ವಿಚಾರಿಸಿರುವುದಿಲ್ಲ. ಉದ್ದ, ಅಗಲ, ತಾರೀಖು, ಇಷ್ಟು ಕೇಳಿ ಎದ್ದು ಬಂದಿರುತ್ತಾರೆ. ಒಂದು ಕಾಲಕ್ಕೆ ನಾನೂ ಹಾಗೆಯೇ ಎದ್ದು ಬಂದವನು. ಅದರಿಂದ ಕಲ್ಯಾಣದ ಒಬ್ಬ ಹಮಾಲನ ಮೊಣಕಾಲು ಹೋಯಿತು, ಅವನೂ ಅವನ ಜೊತೆಗಾರರೂ ಆರು ತಿಂಗಳು ಕಲಿತ ಆಟ ಕಣ್ಣೆದುರೇ ನಿಂತುಹೋಗುವುದರಲ್ಲಿತ್ತು. ನಮ್ಮ ಭಾಗದ ಕನ್ನಡಿಗರ ಕಲಾ ಉತ್ಸವದ ಇತಿಹಾಸ ಬರೆದವರು ಅಧ್ಯಕ್ಷರ ಫೋಟೊಗಳನ್ನು ಸಾಲಾಗಿ ಹಾಕಿದ್ದಾರೆ. ಅವರು ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ನಾನು ಬಿಜಾಪುರ ಜಿಲ್ಲೆಯವನು. ತಂದೆ ತಾಯಿ ಕಟ್ಟಡ ಕೆಲಸಕ್ಕೆ ಠಾಣೆಗೆ ಬಂದಾಗ ನನಗೆ ಎಂಟು ವರ್ಷ. ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ನಾನೇ ಗೋಡೆಗೆ ಅಂಟಿಸುತ್ತಿದ್ದ ಉತ್ಸವದ ಕರಪತ್ರಗಳಿಂದ. ಮೊದಲು ಕಟ್ಟಡಗಳಿಗೆ ಪರಾತಿ, ಅಂದರೆ ಬಿದಿರಿನ ಅಟ್ಟಣಿಗೆ, ಕಟ್ಟುವವರ ಕೆಳಗೆ ಬಿದಿರು ಹೊತ್ತೆ, ಆಮೇಲೆ ಹಗ್ಗದ ಗಂಟು ಕಲಿತೆ, ಆಮೇಲೆ ನನ್ನದೇ ನಲವತ್ತು ಬಿದಿರು ಮಾಡಿಕೊಂಡೆ. ಡೊಂಬಿವಲಿಯ ಉಡುಪಿ ಕಡೆಯವರ ಪೂಜೆ, ಮುಂಜಿ, ಮದುವೆಗಳ ಚಪ್ಪರ ನನಗೆ ಸಿಕ್ಕಿತು. ಅವರ ಜೊತೆ ಓಡಾಡಿ ಅವರ ಯಕ್ಷಗಾನದ ರಂಗಸ್ಥಳದ ಅಳತೆ ನನಗೆ ಬಾಯಿಪಾಠವಾಯಿತು. ನಮ್ಮ ಕಡೆಯ ದೊಡ್ಡಾಟದ ಅಳತೆ ಮಾತ್ರ ಗೊತ್ತಿರಲಿಲ್ಲ. ಎಂಟು ವರ್ಷಕ್ಕೆ ಊರು ಬಿಟ್ಟವನು ನಿದ್ದೆಗಣ್ಣಲ್ಲಿ ನೋಡಿದ ಆಟವನ್ನು ಎಷ್ಟು ನೆನಪಿಟ್ಟಾನು?

ಉತ್ಸವ ಶುರುವಾದದ್ದು ಎಪ್ಪತ್ತರ ದಶಕದಲ್ಲಿ, ಠಾಕುರ್ಲಿಯ ಒಂದು ಚಾಳಿನ ಅಂಗಳದಲ್ಲಿ. ಎರಡು ಜಮಖಾನ, ಒಂದು ಭೋಂಗಾ ಸ್ಪೀಕರು, ನಾಲ್ಕು ಭಜನೆ, ಒಂದು ಗೀಗೀ ಪದ. ಎರಡನೆಯ ವರ್ಷಕ್ಕೆ ಅಂಗಳ ಸಾಲದೆ ಹಳಿಗಳ ಪಕ್ಕದ ಮೈದಾನಕ್ಕೆ ಬಂದೆವು. ಬೇರೆ ಕಡೆ ಆಟಗಳು ರಾತ್ರಿ ಬೆಳಗಾಗುವವರೆಗೆ ನಡೆದರೆ ನಮ್ಮದು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ. ಅರ್ಧ ಜನಕ್ಕೆ ಸೋಮವಾರ ಮೊದಲ ಪಾಳಿ, ಇನ್ನರ್ಧ ಜನಕ್ಕೆ ಬೆಳಗಿನ ಹೋಟೆಲು. ಏಳಕ್ಕೆ ಮೈದಾನ ಖಾಲಿ ಮಾಡಿಕೊಡಬೇಕೆಂದು ಪರವಾನಗಿಯಲ್ಲೇ ಬರೆದಿತ್ತು. ಹಾಗಾಗಿ ನಮ್ಮ ರಾಕ್ಷಸರೂ ದೇವತೆಗಳೂ ಮಟಮಟ ಮಧ್ಯಾಹ್ನ ಬಣ್ಣ ಕರಗಿಸಿಕೊಂಡು ಕುಣಿದವರು.

ಹಳಿಯ ಪಕ್ಕದ ಮೈದಾನ ಎಂದೆನಲ್ಲ. ಐದು ನಿಮಿಷಕ್ಕೊಂದು ಲೋಕಲ್ ಹೋಗುತ್ತಿತ್ತು, ನಡುವೆ ದೂರದ ಮೇಲ್ ಗಾಡಿಗಳು. ಮೊದಲ ವರ್ಷ ಮಾತೆಲ್ಲ ಗಾಡಿಯ ಸದ್ದಿನಲ್ಲಿ ಕೊಚ್ಚಿಹೋಯಿತು. ಮುಂದಿನ ವರ್ಷ ಕಲಾವಿದರೇ ಒಂದು ರೂಢಿ ಮಾಡಿಕೊಂಡರು. ಗಾಡಿ ಬಂತೆಂದರೆ ವೇಷಧಾರಿ ಎತ್ತಿದ ಕೈ ಎತ್ತಿದಂತೆಯೇ ನಿಲ್ಲಬೇಕು, ಮದ್ದಳೆಯವನು ಸುಮ್ಮನೆ ಬಾರಿಸುತ್ತಿರಬೇಕು, ಕೊನೆಯ ಡಬ್ಬಿ ದಾಟಿದ ಮೇಲೆ ಮಾತು ಮುಂದುವರಿಯಬೇಕು. ಹೊಸಬರು ನೋಡಿದರೆ ಇದೂ ಆಟದ ಒಂದು ಭಾಗವೇ ಎಂದುಕೊಳ್ಳುತ್ತಿದ್ದರು.

ಉತ್ಸವದ ಕಾರ್ಯದರ್ಶಿ ಪದ್ಮನಾಭ ರಾಯರು, ಉಡುಪಿ ಕಡೆಯವರು, ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಒಳ್ಳೆಯ ಮನುಷ್ಯ, ಆದರೆ ಕೈಗಡಿಯಾರಕ್ಕೆ ಹೆದರುತ್ತಿದ್ದರು. ಶರಣಪ್ಪ ಗುಲ್ಬರ್ಗಾ ಕಡೆಯವನು, ಕಲ್ಯಾಣದ ಧಾನ್ಯ ಬಾಜಾರಿನಲ್ಲಿ ಹಮಾಲರ ಮುಕಾದಮ. ನೂರು ಕಿಲೋ ಚೀಲವನ್ನು ಬೆನ್ನ ಮೇಲೆ ಹಾಕಿಕೊಂಡು ಬೀಡಿ ಸೇದುತ್ತ ನಡೆಯುವ ಆಳು. ಅವನ ತಂಡದ ಹನ್ನೆರಡು ಜನ ಊರಿನಿಂದ ಆಟದ ಮಾಸ್ತರನ್ನು ಕರೆಸಿಕೊಂಡು, ಮುಂಬ್ರಾ ಗುಡ್ಡದ ಬುಡದ ಒಂದು ಹಳೆಯ ಕಲ್ಲುಗಣಿಯಲ್ಲಿ ಪ್ರತಿ ಭಾನುವಾರ ದೊಡ್ಡಾಟ ಕಲಿಯುತ್ತಿದ್ದರು. ರಾಕ್ಷಸ ರಾಜನ ಪಾತ್ರ ಶರಣಪ್ಪನದು. ಅವನಿಗೆ ಬೇಕಾಗಿದ್ದದ್ದು ಒಂದೇ: ಆಟ ಪೂರ್ತಿ ಆಗಬೇಕು, ಗಣಪತಿ ಸ್ತುತಿಯಿಂದ ಮಂಗಳದವರೆಗೆ.

ಅವರು ಆಟ ಆಡಬೇಕಿದ್ದ ವರ್ಷದ ಉತ್ಸವದ ಸಭೆ ರಾಯರ ಖೋಲಿಯಲ್ಲಿ ನಡೆಯಿತು. ರಾಯರು ಕಾಗದ ನೋಡಿ ಓದಿದರು.

"ದೊಡ್ಡಾಟಕ್ಕೆ ಮುಕ್ಕಾಲು ಗಂಟೆ ಕೊಡುವ. ಒಂದು ತುಣುಕು ತೋರಿಸಿದ್ರೆ ಜನರಿಗೆ ಅಂದಾಜಾಗ್ತದೆ, ಅಲ್ವಾ?"

ಶರಣಪ್ಪ ಗೋಡೆಗೆ ಒರಗಿ ಕೂತಿದ್ದ. "ತುಣುಕ ಅಂದ್ರ ಹ್ಯಾಂಗ್ರಿ ರಾಯರ? ರಾಕ್ಷಸ ಬಂದ, ಎದಿ ತಟ್ಟಿದ, ಹ್ವಾದ. ಅಂವ ಸಾಯೂದು ಯಾವಾಗ? ಮುಂದಿನ ವರ್ಷದ ಉತ್ಸವದಾಗೇನು?"

ಎಲ್ಲರೂ ನಕ್ಕರು, ರಾಯರೂ ನಕ್ಕರು, ಆದರೆ ಕಾಗದದ ಮೇಲಿನ ಮುಕ್ಕಾಲು ಗಂಟೆ ಹಾಗೇ ಉಳಿಯಿತು. ಶರಣಪ್ಪ ಹೊರಗೆ ಬಂದು ನನ್ನ ಹೆಗಲು ಹಿಡಿದ. "ಸಿದ್ದಪ್ಪ, ನೀ ಅವರ ಮನಿ ಮಂದಿ ಇದ್ದಂಗ. ನಿನ್ನ ಮಾತು ಕೇಳ್ತಾರ. ಏನರೆ ಮಾಡು."

ಇಲ್ಲಿ ಒಂದು ಬುದ್ಧಿಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಚೌಕಾಸಿಗೆ ಕೂತಾಗ ಎದುರಿನವನಿಗೆ ಪ್ರಿಯವಾದದ್ದನ್ನು ಕೇಳಬೇಡಿ, ಅವನು ಬಿಗಿಯಾಗುತ್ತಾನೆ. ಕಳೆದುಕೊಂಡರೂ ಅವನಿಗೆ ನೋಯದಂಥದ್ದು ಏನಿದೆ ಎಂದು ಮೊದಲು ಹುಡುಕಿ. ರಾಯರ ಕಾಗದದಲ್ಲಿ ಅಂಥದ್ದು ಭಾಷಣ. ಮಧ್ಯಾಹ್ನ ಎರಡು ಗಂಟೆಗೆ ಶುರುಮಾಡಿ ಒಟ್ಟು ಏಳು ಜನ ಅತಿಥಿಗಳು ಮಾತಾಡುವವರಿದ್ದರು.

ಮರುದಿನ ಡೊಂಬಿವಲಿ ಸ್ಟೇಷನ್ನಿನಲ್ಲಿ ರಾಯರನ್ನು ಹಿಡಿದೆ.

"ರಾಯರ, ಯಕ್ಷಗಾನದವರಿಗೆ ಬಣ್ಣಾ ಹಚ್ಚಾಕ ಎಷ್ಟ ತಾಸ ಬೇಕ್ರಿ?"

"ಎರಡು ಗಂಟೆಯಾದ್ರೂ ಬೇಕು."

"ಅಷ್ಟೊತ್ತು ಸ್ಟೇಜಿನ ಮ್ಯಾಲ ಯಾರಿರ್ತಾರ?"

"ಅತಿಥಿಗಳು."

"ಅವರ ಭಾಷಣಾ ಯಾರ್ ಕೇಳ್ತಾರ್ರಿ? ಉಂಡ ಮಂದಿ ನೆರಳಿಗೆ ಮಲಗಿರ್ತೈತಿ."

ರಾಯರು ಸುತ್ತ ನೋಡಿ ದನಿ ತಗ್ಗಿಸಿದರು. "ಹಾಗೆಲ್ಲ ಹೇಳ್ಬಾರ್ದು ಸಿದ್ದಪ್ಪನವರೇ. ದೊಡ್ಡ ಜನ ಅವರು."

"ಅದಕ್ಕ ಹೇಳಾಕತ್ತೀನಿ. ಮುಂಜಾನಿ ಮಕ್ಕಳ ಡಾನ್ಸ್ ಇರ್ತೈತಿ, ತಾಯಿ ತಂದಿ ಎಲ್ಲಾ ಮುಂದ ಕುಂತಿರ್ತಾರ. ಆವಾಗ ಏಳೂ ಮಂದೀನ ಸಾಲಾಗಿ ನಿಲ್ಲಿಸಿ ಹಾರಾ ಹಾಕ್ರಿ. ಎರಡೆರಡು ಮಾತಾಡಲಿ. ಮಂದಿ ಭರ್ತಿ ಕಾಣತೈತಿ, ಊಟಕ್ಕ ಮನಿಗೂ ಮುಟ್ಟತಾರ."

ಲೋಕಲ್ ಬಂತು. ರಾಯರು ಹತ್ತುವ ಮೊದಲು, "ನೀವು ವಕೀಲರಾಗಬೇಕಿತ್ತು ಮಾರಾಯ್ರೆ" ಎಂದರು. ಹೀಗೆ ಎರಡರಿಂದ ನಾಲ್ಕೂವರೆ ದೊಡ್ಡಾಟಕ್ಕೆ ಸಿಕ್ಕಿತು, ನಾಲ್ಕೂವರೆಯಿಂದ ಏಳು ಯಕ್ಷಗಾನಕ್ಕೆ. ಮಾಸ್ತರು ಕಥೆಯನ್ನು ಅಲ್ಲಲ್ಲಿ ಬಿಗಿ ಮಾಡಿ ಎರಡೂವರೆ ತಾಸಿಗೆ ಕೂರಿಸುತ್ತೇನೆಂದರು. ಅತಿಥಿಗಳೂ ಖುಷಿ. ಆ ವಾರ ನಾನು ನನ್ನ ಬೆನ್ನನ್ನು ನಾನೇ ಎಷ್ಟು ಸಲ ತಟ್ಟಿಕೊಂಡೆನೋ.

ಅದೇ ಹಮ್ಮಿನಲ್ಲಿ ಇನ್ನೊಂದು ಮಾತು ಕೊಟ್ಟೆ. ಯಕ್ಷಗಾನ ಮೊದಲಿನಿಂದ ಬಯಲಿನ ಆಟ, ನೆಲದ ಮೇಲಿನದು. ಅದಕ್ಕೆ ವೇದಿಕೆ ಒಂದು ಅಡಿಗಿಂತ ಎತ್ತರ ಬೇಡವೆಂದು ಭಾಗವತರು ಹೇಳಿದ್ದರು. ದೊಡ್ಡಾಟಕ್ಕೆ ನಮ್ಮ ಕಡೆ ಅಟ್ಟದಾಟ ಎಂದೇ ಹೆಸರು, ಎತ್ತರದ ಅಟ್ಟದ ಮೇಲೆ ಆಡಬೇಕು. ಶರಣಪ್ಪ ತನ್ನ ಸೊಂಟಕ್ಕೆ ಕೈಯಿಟ್ಟು ತೋರಿಸಿ, "ಇಷ್ಟರೆ ಇರಬೇಕು. ರಾಜಾ ಅಂದ್ರ ಮಂದಿ ಕತ್ತೆತ್ತಿ ನೋಡಬೇಕು" ಎಂದಿದ್ದ. ಇಬ್ಬರಿಗೂ ಹೂಂ ಎಂದೆ. ಊಟದ ಬಿಡುವಿನ ಅರ್ಧ ತಾಸಿನಲ್ಲಿ ಹಲಗೆಗಳ ಕೆಳಗೆ ಖಾಲಿ ಎಣ್ಣೆ ಡ್ರಮ್ಮುಗಳನ್ನು ಸರಿಸಿ ಎತ್ತರಿಸುವುದು, ನಾಲ್ಕೂವರೆಗೆ ಅವನ್ನು ಎಳೆದು ತಗ್ಗಿಸುವುದು. ಯಾರೂ ಮಾಡದ ಉಪಾಯ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆ. ಭಾಷಣದ ವೇದಿಕೆಗೆ ನಾಲ್ಕು ಅಡಿಗೊಂದು ಆಸರೆ ಸಾಕು. ಡ್ರಮ್ಮುಗಳನ್ನೂ ಅದೇ ಲೆಕ್ಕದಲ್ಲಿ ಇಟ್ಟೆ. ನಡುವೆ ಅಡ್ಡ ಬಿದಿರು ಕಟ್ಟಲು ಹೊತ್ತಿರಲಿಲ್ಲ. ಕುಣಿಯುವುದನ್ನು ನೋಡಲು ಒಂದೇ ಒಂದು ಭಾನುವಾರ ಮುಂಬ್ರಾದ ಕಲ್ಲುಗಣಿಗೆ ಹೋಗಿದ್ದರೆ ನನಗೇ ತಿಳಿಯುತ್ತಿತ್ತು. ಹೋಗಿರಲಿಲ್ಲ.

ಭಾನುವಾರ ಎರಡು ಗಂಟೆಗೆ ಮೈದಾನ ತುಂಬಿತ್ತು. ಬಾಜಾರಿನ ಹಮಾಲರು ಮಡದಿ ಮಕ್ಕಳ ಜೊತೆ ಬಂದಿದ್ದರು, ಕಟ್ಟಡ ಕೆಲಸದ ಹೆಂಗಸರು ಬುಟ್ಟಿ ಮಗುಚಿ ಅದರ ಮೇಲೆ ಕೂತಿದ್ದರು, ಹೋಟೆಲಿನವರು ಹಿಂದೆ ನಿಂತಿದ್ದರು. ಗಣಪತಿ ಸ್ತುತಿಯಾಯಿತು, ಸಾರಥಿ ಬಂದು ಕಥೆ ಹೇಳಿ ಹೋದ. ಆಮೇಲೆ ಇಬ್ಬರು ಹಿಡಿದ ಸೀರೆಯ ತೆರೆ ಸರಿಯಿತು. ಶರಣಪ್ಪನ ತಲೆಯ ಮೇಲೆ ಮೊಳದುದ್ದದ ಕಿರೀಟ, ಎರಡೂ ಹೆಗಲಿಗೆ ಕನ್ನಡಿ ಚೂರು ಕೂರಿಸಿದ ಮರದ ಭುಜಕೀರ್ತಿ, ಕಾಲಿಗೆ ಎರಡೆರಡು ಸುತ್ತು ಗೆಜ್ಜೆ. ಮೊದಲೇ ಭಾರಿ ಆಳು. ದೊಡ್ಡಾಟದ ರಾಕ್ಷಸ ನಡೆದು ಬರುವುದಿಲ್ಲ, ಹಾರಿ ಬಂದು ಎರಡೂ ಹಿಮ್ಮಡಿಯನ್ನು ಒಟ್ಟಿಗೆ ನೆಲಕ್ಕೆ ಕುಟ್ಟುತ್ತಾನೆ. ಒಂದು ಸಲ ಕುಟ್ಟಿದ. ವೇದಿಕೆಯ ಬದಿಯಲ್ಲಿ ನಿಂತಿದ್ದ ನಾನು ಬಗ್ಗಿ ಹಲಗೆಯ ಅಡಿ ನೋಡಿದೆ. ಎರಡನೆಯ ಸಲ ಕುಟ್ಟಿದಾಗ ಹಲಗೆ ಬಾಗಿದ್ದು ಕಂಡಿತು. ಕೈ ಎತ್ತಿ ಕೂಗಿದೆ. ಅದೇ ಹೊತ್ತಿಗೆ ಮೇಲ್ ಗಾಡಿ ಬಂತು, ಮದ್ದಳೆಯವನು ರೂಢಿಯಂತೆ ಬಾರಿಸತೊಡಗಿದ, ನನ್ನ ಕೂಗು ಯಾರಿಗೂ ಕೇಳಲಿಲ್ಲ. ಶರಣಪ್ಪ ಆಗಲೇ ಮೂರನೆಯ ಸಲ ಗಾಳಿಯಲ್ಲಿದ್ದ.

ಹಲಗೆ ಮುರಿದ ಸದ್ದನ್ನೂ ಗಾಡಿ ನುಂಗಿತು. ಜನ ಕಂಡದ್ದು ಇಷ್ಟೇ: ರಾಕ್ಷಸ ಹಾರಿದ, ಸೊಂಟದವರೆಗೆ ಕೆಳಗೆ ಇಳಿದುಹೋದ. ಭೂಮಿ ಬಾಯಿಬಿಟ್ಟ ದೃಶ್ಯವೆಂದು ತಿಳಿದು ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯನ್ನು ನಾನು ಇಂದಿಗೂ ಮರೆತಿಲ್ಲ.

ಗಾಡಿ ದಾಟಿದಾಗ ಅವನ ನರಳಾಟ ಕೇಳಿಸಿತು. ಹಲಗೆ ಕಿತ್ತು ಎಳೆದೆವು. ಪಕ್ಕದ ಡೇರೆಯಿಂದ ಯಕ್ಷಗಾನದವರು ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಂಡವರೇ ಓಡಿಬಂದು ಹೆಗಲು ಕೊಟ್ಟರು. ಜನರ ನಡುವೆ ಒಬ್ಬ ಕಾಂಪೌಂಡರ್ ಇದ್ದ. ನನ್ನದೇ ಬಿದಿರು ಸೀಳಿ ಕಾಲಿಗೆ ಪಟ್ಟಿ ಕಟ್ಟಿ, "ಮೊಣಕಾಲ ಚಿಪ್ಪು ಒಡೆದಂಗದ, ಈಗಿಂದೀಗ ಆಸ್ಪತ್ರೆಗೆ ಒಯ್ಯಿರಿ" ಎಂದ.

ಶರಣಪ್ಪನ ಮುಖದ ಕೆಂಪು ಬಣ್ಣ ಬೆವರಿಗೆ ಇಳಿದು ಎದೆಯ ಮೇಲೆ ಬಂದಿತ್ತು. "ಆಸ್ಪತ್ರಿ ಎಲ್ಲಿ ಹೋಗ್ತದ? ಅಲ್ಲೇ ಇರ್ತದ. ಮೊದಲ ರಾಕ್ಷಸ ಸಾಯಲಿ."

"ಹುಚ್ಚ ಹಿಡದದೇನು ನಿನಗ?" ಎಂದು ಅವನ ಹೆಂಡತಿ ಶಾಂತವ್ವ ಬೈದಳು.

"ಆರು ತಿಂಗಳ ಕಲ್ತೀವಿ. ನಡಬರಕ್ಕ ಬಿಟ್ಟು ಹೋದ್ರ ಈ ಹನ್ನೆರಡು ಮಂದಿ ಮತ್ತ ಗೆಜ್ಜಿ ಕಟ್ಟಂಗಿಲ್ಲ. ನನಗೊಂದು ಕುರ್ಚಿ ಕೊಡ್ರಿ, ಮಾತು ನಾ ಆಡ್ತೀನಿ. ಕುಣಿಲಾಕ ಮಲ್ಲಪ್ಪ ಇದ್ದಾನ."

ಮಲ್ಲಪ್ಪ ತಂಡದ ಇನ್ನೊಬ್ಬ ಹಮಾಲ. ಅವನು ಕಿರೀಟಕ್ಕೆ ತಲೆಯೊಡ್ಡಿದ. ಆದರೆ ಕುಣಿಯುವುದು ಎಲ್ಲಿ? ಅಟ್ಟದ ನಡುವೆ ಆಳುದ್ದದ ತೂತು. ಆಟದ ಮಾಸ್ತರು ತಾಳ ಕೆಳಗಿಟ್ಟುಬಿಟ್ಟರು. "ಅಟ್ಟಾ ಬಿಟ್ಟು ಕೆಳಗ ಮಣ್ಣಾಗ ಇಳದು ರಾಜನ ಆಟ ಆಡೂದೇನು? ಊರಾಗ ಕೇಳಿದ್ರ ಉಗುಳ್ತಾರ. ಸಾಕ್ರಪಾ, ಕಟ್ರಿ ಗಂಟು."

ಆಗ ಯಕ್ಷಗಾನದ ಭಾಗವತರು ಮುಂದೆ ಬಂದರು. ಕಲ್ಯಾಣದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ, ಹೆಚ್ಚು ಮಾತಿಲ್ಲದ ಮನುಷ್ಯ. ಮಾಸ್ತರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಹೇಳಿದರು: "ನಮ್ಮ ರಾಜರು ಹುಟ್ಟಿದಲ್ಲಿಂದ ಮಣ್ಣಿನಲ್ಲೇ ಕುಣಿದದ್ದು ಮಾಸ್ಟ್ರೇ. ಅವರ ಕಿರೀಟವೇನೂ ಬಿದ್ದುಹೋಗಲಿಲ್ಲ. ಇವತ್ತು ನಮ್ಮ ರಂಗಸ್ಥಳ ಅಂತ ತಿಳ್ಕೊಳ್ಳಿ. ನಮ್ಮಲ್ಲಿಗೆ ಬಂದ ಹಾಗೆ."

ಮಾಸ್ತರು ತಾಳ ಎತ್ತಿಕೊಂಡರು. ಜನ ಜಮಖಾನಗಳನ್ನು ಹಿಂದಕ್ಕೆ ಎಳೆದುಕೊಂಡು ಮೂರು ದಿಕ್ಕಿಗೆ ಕೂತರು. ಶರಣಪ್ಪ ಕುರ್ಚಿಯ ಮೇಲೆ ಕೂತು, ಕಟ್ಟಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ರಾಕ್ಷಸನ ಮಾತು ಆಡಿದ. ಎದುರಿಗೆ ಮಲ್ಲಪ್ಪ ಆ ಮಾತಿಗೆ ಮೈಯಾದ. ನೋವು ತಾಳಲಾರದಾದಾಗ ಶರಣಪ್ಪ ಇನ್ನಷ್ಟು ಜೋರಾಗಿ ಆರ್ಭಟಿಸುತ್ತಿದ್ದ. ಹಿಂದೆ ಕೂತವರಿಗೆ ಅದು ವೇಷದ ಆರ್ಭಟ, ನಮಗೆ ಮಾತ್ರ ಗೊತ್ತು.

ಮಾಸ್ತರು ಬಿಗಿ ಮಾಡಿದ್ದ ಕಥೆ ಎಲ್ಲಿ ಉಳಿಯಿತು? ನೆಲಕ್ಕೆ ಇಳಿದ ಮೇಲೆ ಅವರಿಗೂ ಹುಮ್ಮಸ್ಸು ಬಂದು ಬಿಟ್ಟ ಪದಗಳನ್ನೆಲ್ಲ ಹಾಡಿಸತೊಡಗಿದರು. ನಾಲ್ಕೂವರೆಯಾಯಿತು. ಐದಾಯಿತು. ರಾಯರು ಗಡಿಯಾರ ನೋಡುತ್ತ ನನ್ನ ಹತ್ತಿರ ಬಂದರು, ಅಲ್ಲಿಂದ ಭಾಗವತರ ಹತ್ತಿರ ಹೋದರು. "ನಮ್ಮವರು ಘಾಟ್‌ಕೋಪರಿನಿಂದ ಬಂದು ಬಣ್ಣ ಹಚ್ಚಿ ಕೂತಿದ್ದಾರೆ. ಏಳಕ್ಕೆ ಮೈದಾನ ಬಿಡ್ಬೇಕು. ನಿಲ್ಲಿಸ್ಲಿಕ್ಕೆ ಹೇಳ್ಲಾ?"

ಭಾಗವತರು ಕಣ್ಣನ್ನು ಆಟದಿಂದ ತೆಗೆಯದೆ ಹೇಳಿದರು: "ಆ ಮನುಷ್ಯ ಕಾಲು ಮುರಿದುಕೊಂಡು ಮಾತಾಡ್ತಾ ಇದ್ದಾನೆ. ಅವನನ್ನು ನಡುವೆ ಎಬ್ಬಿಸಿ ನಾನು ಪದ ಹೇಳುವುದಾದ್ರೂ ಹೇಗೆ? ಮುಗಿಯಲಿ ರಾಯರೇ."

ರಾಯರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ದಿನ. ರಾಕ್ಷಸ ಸತ್ತಾಗ ಆರು ದಾಟಿತ್ತು. ಮಂಗಳ ಹಾಡಿ, ಕಿರೀಟ ಧರಿಸಿದ್ದ ಮಲ್ಲಪ್ಪ ಬಂದು ಶರಣಪ್ಪನ ಕಾಲಿಗೆ ಬಿದ್ದ, ಗಟ್ಟಿ ಇದ್ದ ಕಾಲಿಗೆ. ಶರಣಪ್ಪನನ್ನು ನಾನು ಬಿದಿರು ಸಾಗಿಸುವ ಟೆಂಪೋದಲ್ಲಿ ಕಲ್ಯಾಣದ ಆಸ್ಪತ್ರೆಗೆ ಒಯ್ದೆವು. ಯಕ್ಷಗಾನದವರು ಉಳಿದ ಮುಕ್ಕಾಲು ಗಂಟೆಯಲ್ಲಿ ಕಥೆಯ ಕೊನೆಯ ಯುದ್ಧವೊಂದನ್ನು ಅದೇ ಮಣ್ಣಿನ ಮೇಲೆ ಆಡಿ ಮುಗಿಸಿದರಂತೆ. ನಾನು ನೋಡಲಿಲ್ಲ.

ಮೊಣಕಾಲು ಕೂಡಿತು, ಮೊದಲಿನಂತಾಗಲಿಲ್ಲ. ಚೀಲ ಹೊರುವುದು ಅಲ್ಲಿಗೆ ಮುಗಿಯಿತು. ಆಸ್ಪತ್ರೆಯ ವರಾಂಡದಲ್ಲಿ ಶಾಂತವ್ವ ನನಗೆ ಹೇಳಿದಳು: "ಅಣ್ಣಾ, ನಿನ್ನ ಬಿದಿರ ನೆಟ್ಟಗಿರ್ತಾವ. ಮಾತು ಒಂದು ನೆಟ್ಟಗಿದ್ದಿದ್ರ ಇಂವ ಇಲ್ಲಿ ಮಲಗ್ತಿದ್ದಿಲ್ಲ." ನಾನು ನನ್ನ ಗೋದಾಮಿನ ಉಸ್ತುವಾರಿ ನೋಡಿಕೊಳ್ಳಲು ಬಾ ಎಂದು ಅವನನ್ನು ಕರೆದೆ. ಒಪ್ಪಲಿಲ್ಲ. "ಇಬ್ಬರಿಗೂ ಹೂಂ ಅನ್ನೋನ ಕೈಯಾಗ ನಾ ದುಡಿಯಂಗಿಲ್ಲ" ಎಂದ. ಬಾಜಾರಿನಲ್ಲೇ ಕೂತು ಹರಿದ ಗೋಣಿಚೀಲ ಹೊಲಿಯುವ ಕೆಲಸ ಹಿಡಿದ. ಮುಕಾದಮನಾಗಿದ್ದವನು ತನ್ನ ಆಳುಗಳೇ ಎಸೆದು ಹೋದ ಚೀಲ ಹೊಲಿಯುವುದನ್ನು ದಾರಿಯಲ್ಲಿ ಹೋಗುವಾಗಲೆಲ್ಲ ನೋಡುತ್ತಿದ್ದೆ. ಕೆಲವು ದಿನ ಬೇರೆ ದಾರಿಯಲ್ಲಿ ಹೋಗುತ್ತಿದ್ದೆ.

ಮುಂದಿನ ವರ್ಷದ ಸಭೆಯಲ್ಲಿ ದೊಡ್ಡಾಟವೇ ಬೇಡವೆಂಬ ಮಾತು ಬಂತು. ಅಪಾಯ, ಜವಾಬ್ದಾರಿ, ಪೊಲೀಸರು ಎಂದೆಲ್ಲ ಕೆಲವರು ಹೇಳುತ್ತಿರುವಾಗ ಶರಣಪ್ಪ ಕೋಲು ಊರಿಕೊಂಡು, ಶಾಂತವ್ವನ ಹೆಗಲು ಹಿಡಿದು ಎರಡು ಮಾಳಿಗೆ ಹತ್ತಿ ಬಂದ. ಏದುಸಿರು ಇಳಿಯುವವರೆಗೆ ಎಲ್ಲರೂ ಕಾದರು.

"ನನ್ನ ಕಾಲಿನ ಮ್ಯಾಲ ಆಟ ಬಂದ್ ಮಾಡಬ್ಯಾಡ್ರಿ" ಎಂದ. "ಅದು ಆಟ ಮುರದಿದ್ದಲ್ಲ, ಹಲಗಿ ಮುರದಿದ್ದು. ನಮಗ ಅಟ್ಟಾ ಬೇಕು. ಒಳಗ ಪೊಳ್ಳಿರಬಾರ್ದು."

"ಪೊಳ್ಳಿಲ್ಲದ ಅಟ್ಟ ಅಂದ್ರೆ ಮಣ್ಣಿನದೇ ಆಗ್ಬೇಕು" ಎಂದರು ಭಾಗವತರು. "ಆದ್ರೆ ಸೊಂಟದೆತ್ತರ ಆದ್ರೆ ನಮ್ಮವರಿಗೆ ಹತ್ತಿಳಿಯಲಿಕ್ಕೆ ಆಗುದಿಲ್ಲ."

ಆ ದಿನದ ಚೌಕಾಸಿಯಲ್ಲಿ ನಾನು ಬಾಯಿ ತೆರೆಯಲಿಲ್ಲ. ಶರಣಪ್ಪ ಸೊಂಟದಿಂದ ಇಳಿದ, ಭಾಗವತರು ಒಂದು ಅಡಿಯಿಂದ ಏರಿದರು. ಕೊನೆಗೆ ಶರಣಪ್ಪ ತನ್ನ ಕಾಲಿನ ಗಾಯದ ಗುರುತಿಗೆ ಬೆರಳಿಟ್ಟು "ಇಲ್ಲಿಗೆ" ಎಂದ. ಭಾಗವತರು ಬಗ್ಗಿ ನೋಡಿ ಆಗಬಹುದು ಎಂದರು. ಅಲ್ಲಿಂದ ಮುಂದೆ ನಮ್ಮ ಉತ್ಸವದ ಅಟ್ಟ ಮೊಣಕಾಲೆತ್ತರದ್ದು.

ಅದನ್ನು ಕಟ್ಟಿದ್ದನ್ನು ಹೇಳದಿದ್ದರೆ ಇತಿಹಾಸ ಎಂಬ ಮಾತಿಗೆ ಅರ್ಥವಿಲ್ಲ. ಡೊಂಬಿವಲಿಯಲ್ಲಿ ಆಗ ಎಲ್ಲೆಲ್ಲೂ ಪಾಯ ತೋಡುತ್ತಿದ್ದರು. ತೋಡುವವರು ನಮ್ಮವರೇ, ರಾಯಚೂರು, ಬಿಜಾಪುರದವರು. ನಾಲ್ಕು ಭಾನುವಾರ ಮಣ್ಣು ಬಂತು. ಹಮಾಲರು ಹೊತ್ತು ಸುರಿದರು. ಹೋಟೆಲಿನವರು ಅವಲಕ್ಕಿ, ಚಹಾ ತಂದರು, ತಂದವರು ತಾವೂ ಪಂಚೆ ಎತ್ತಿಕಟ್ಟಿ ದಿಮ್ಮಸಿನಿಂದ ಮಣ್ಣು ಬಡಿದರು. ಒಂದು ಗೇಣು ಮಣ್ಣು, ನೀರು, ಬಡಿತ. ಮತ್ತೆ ಒಂದು ಗೇಣು. ಹೆಂಗಸರು ಸಗಣಿ ಸಾರಿಸಿದರು. ರಾಯಚೂರಿನವಳೊಬ್ಬಳು ರಾಯರನ್ನು ನೋಡಿ, "ಸಾಹೇಬರ, ಪೆನ್ನು ಹಿಡಿದಂಗ ಹಿಡೀಬ್ಯಾಡ್ರಿ, ದಿಮ್ಮಸಿಗೆ ನಗಿ ಬರ್ತದ" ಎಂದಳು. ರಾಯರು ಅವಳು ತೋರಿಸಿದ ಹಾಗೆ ಹಿಡಿದರು.

ಆ ವರ್ಷ ಮಲ್ಲಪ್ಪ ರಾಕ್ಷಸನಾಗಿ ಅಟ್ಟದ ಮೇಲೆ ಮೂರಲ್ಲ, ಮೂವತ್ತು ಸಲ ಹಾರಿದ. ಶರಣಪ್ಪ ಸಾರಥಿಯ ಪಾತ್ರ ಮಾಡಿದ, ಕೋಲು ಹಿಡಿದೇ. ವೇದಿಕೆಯ ಗುತ್ತಿಗೆ ನನ್ನ ಕೈಬಿಟ್ಟಿತು, ಮೇಲಿನ ನೆರಳು ಮಾತ್ರ ನನ್ನದಾಯಿತು. ಆದರೂ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಸವೆದ ಅಟ್ಟವನ್ನು ರಿಪೇರಿ ಮಾಡಲು ಮೊದಲು ಹೋಗಿ ನಿಲ್ಲುತ್ತಿದ್ದವನು ನಾನು. ಯಾರೂ ಕರೆಯುತ್ತಿರಲಿಲ್ಲ, ಯಾರೂ ಬೇಡ ಎನ್ನುತ್ತಲೂ ಇರಲಿಲ್ಲ. ಶರಣಪ್ಪ ಬಂದು ಕೋಲಿನಿಂದ ಅಲ್ಲಲ್ಲಿ ಕುಟ್ಟಿ ಸದ್ದು ಕೇಳುತ್ತಿದ್ದ. ಅವನು ಹೂಂ ಎಂದ ಮೇಲೆಯೇ ಗೆಜ್ಜೆ.

ಎಂಬತ್ತರ ದಶಕದಲ್ಲಿ ಬಹಳ ಬದಲಾಯಿತು. ಭೋಂಗಾ ಹೋಗಿ ಪೆಟ್ಟಿಗೆ ಸ್ಪೀಕರುಗಳು ಬಂದವು, ಗಾಡಿ ಬಂದರೂ ಮಾತು ನಿಲ್ಲಿಸಬೇಕಿಲ್ಲ ಎಂದರು. ನಿಲ್ಲಿಸದೆ ಆಡಿದಾಗ ಜನಕ್ಕೆ ರುಚಿಸಲಿಲ್ಲ, ಮತ್ತೆ ನಿಲ್ಲಿಸತೊಡಗಿದರು. ಇಲ್ಲೇ ಹುಟ್ಟಿದ ಮಕ್ಕಳು ಮುಂದೆ ಕೂತು "ಅಂಕಲ್, ರಾಕ್ಷಸ್ ಕಬ್ ಮರೇಗಾ?" ಎಂದು ಅವನು ಸಾಯುವ ಹೊತ್ತನ್ನು ಹಿಂದಿಯಲ್ಲಿ ಕೇಳುತ್ತಿದ್ದವು. "ತಡೀಪಾ, ಇನ್ನೂ ಊಟಾ ಮಾಡಿಲ್ಲ ಅಂವ" ಎಂದರೆ ಅರ್ಥವಾಗಿ ನಗುತ್ತಿದ್ದವು, ಮರುಮಾತು ಹಿಂದಿಯಲ್ಲೇ. ಮುಂಬಯಿಯ ದೊಡ್ಡ ಬಾಜಾರುಗಳು ವಾಶಿಗೆ ಬಂದಾಗ ಹಮಾಲರು ಹಲವರು ಅತ್ತ ಹೋದರು. ಅವರ ಒತ್ತಾಯಕ್ಕೆ ಒಂದು ವರ್ಷ ಅಲ್ಲಿಯೂ ಅಟ್ಟ ಹಾಕಿದೆವು. ಸಮುದ್ರದ ಹಿನ್ನೀರು ನುಗ್ಗುವ ಖಾಡಿಯ ಕೆಸರು ಮಣ್ಣು, ಎಷ್ಟು ಬಡಿದರೂ ಕೂರಲಿಲ್ಲ. ಕೊನೆಗೆ ಮುಂಬ್ರಾ ಗುಡ್ಡದ ಮೊರಂ, ಗಟ್ಟಿ ಜಲ್ಲಿಮಣ್ಣು, ಲಾರಿಯಲ್ಲಿ ತರಿಸಬೇಕಾಯಿತು. ನೀವು ನವಿ ಮುಂಬಯಿಯಲ್ಲಿ ಕೆಲಸ ಹಿಡಿದರೆ ಮಣ್ಣನ್ನು ಮೊದಲು ಅಂಗೈಯಲ್ಲಿ ಹಿಚುಕಿ ನೋಡಿ.

ಎಂಬತ್ತರ ದಶಕದ ಕೊನೆಗೆ ಠಾಕುರ್ಲಿಯ ಮೈದಾನಕ್ಕೂ ಬಿಲ್ಡಿಂಗಿನ ಬೋರ್ಡು ಬಿತ್ತು. ಅದೇ ಅಲ್ಲಿನ ಕಡೆಯ ಉತ್ಸವ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಮಧ್ಯಾಹ್ನ ನಾನೊಬ್ಬನೇ ಅಟ್ಟದ ಮೇಲೆ ನೀರು ಚಿಮುಕಿಸುತ್ತಿದ್ದೆ. ಶರಣಪ್ಪ ಬಂದು ಅಂಚಿನಲ್ಲಿ ಕಾಲು ಚಾಚಿ ಕೂತ. ಇಷ್ಟು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತನ್ನು ಆಡಿದೆ.

"ಶರಣಪ್ಪ, ಅವತ್ತ ತಪ್ಪು ನಂದು. ಅಡ್ಡ ಬಿದಿರು ಹಾಕಲಿಲ್ಲ. ಕುಣಿಯೂದನ್ನ ಮೊದಲ ಬಂದು ನೋಡಲಿಲ್ಲ."

ಅವನು ಬೀಡಿ ಹಚ್ಚಿದ, ಒಂದು ಗಾಡಿ ದಾಟಿತು.

"ಹಲಗಿ ಮುರೀದಿದ್ರ ಎರಡೂವರಿ ತಾಸಿನಾಗ ಮುಗಸಿ ಇಳೀಬೇಕಾಗಿತ್ತು" ಎಂದ. "ಮುರದಿದ್ದಕ್ಕ ನಾಕು ತಾಸು ಸಿಕ್ಕಿತು. ಪೂರ್ತಿ ಆಟ ಆತು. ಈ ಅಟ್ಟಾನೂ ಆತು. ಲಾಭ ನನಗ ಆತು."

ನನಗೆ ಉಸಿರು ಹಗುರಾಯಿತು. ಅದು ಅವನಿಗೂ ಕಂಡಿರಬೇಕು.

"ನುಕಸಾನೂ ನನಗ ಆತು" ಎಂದ. "ಮನಿಯ ಹದಿನಾಲ್ಕು ಮೆಟ್ಟಲಾ ಹತ್ತಲಾಕ ಈಗೂ ಶಾಂತವ್ವನ ಹೆಗಲು ಬೇಕು. ಎರಡೂ ನಂದ. ನಡುವ ನಿಂದೇನು ಹೇಳು."

"ನನ್ನ ಪಾಲಿಗೆ ಮಣ್ಣು ಬಡಿಯೂದು ಬಂತು" ಎಂದೆ. ಅದು ಎಷ್ಟು ಸಣ್ಣ ಮಾತೆಂದು ನನಗೇ ಕೇಳಿಸಿತು.

ಶರಣಪ್ಪ ಕೋಲು ಊರಿ ಎದ್ದು, ಕುಂಟುತ್ತ ಅಟ್ಟದ ಆ ತುದಿಗೆ ಹೋಗಿ ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿದ.

"ಇಲ್ಲಿ ಮೆತ್ತಗದ" ಎಂದ. "ನಾಳೆ ಮಲ್ಲಪ್ಪ ಇದೇ ಮೂಲಿಯಿಂದ ಹಾರತಾನ. ಬಡಿ."

ಬಿಸಿಲು ಇಳಿಯಲು ಇನ್ನೂ ಹೊತ್ತಿತ್ತು. ನಾನು ದಿಮ್ಮಸು ಎತ್ತಿಕೊಂಡೆ. ಅವನು ಸಾಕು ಎನ್ನುವವರೆಗೆ ಬಡಿದೆ.